ಅಲೆಗಳಿಗೆ ದಾರಿ ತೋರಿದ ರಾಜೇಶ್ವರಿ ಚಟರ್ಜಿ

ಬೆಂಗಳೂರಿನ ಇಂದಿರಾನಗರವನ್ನು ದಾಟಿ ಪೂರ್ವಕ್ಕೆ ಹೋದರೆ ಸರ್ ಸಿ. ವಿ. ರಾಮನ್ ನಗರ ಸಿಗುತ್ತದೆ. ದೇಶದ ರಕ್ಷಣೆಗೆ ಬೇಕಾದ ರೇಡಾರುಗಳನ್ನು ರೂಪಿಸುವ ಪ್ರಯೋಗಾಲಯವೊಂದು ಅಲ್ಲಿದೆ. ರೇಡಾರಿನ ಜೀವಾಳವೆಂದರೆ ಸೂಕ್ಷ್ಮತರಂಗ, ಅಂದರೆ ಮೈಕ್ರೋವೇವ್. ಕಣ್ಣಿಗೆ ಕಾಣದ ಈ ಅಲೆಗಳನ್ನು ಪಳಗಿಸುವ ವಿದ್ಯೆಯನ್ನು ನಮ್ಮ ನಾಡಿನಲ್ಲಿ ಬೆಳೆಸಿದ ಮೊದಲಿಗರಲ್ಲಿ ರಾಜೇಶ್ವರಿ ಚಟರ್ಜಿಯವರು ಒಬ್ಬರು.

ಅವರು 1922ರ ಜನವರಿ 24ರಂದು ಜನಿಸಿದರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರ ಸಾಲಿಗೆ ಸೇರಿದವರು, ಸ್ತ್ರೀಶಿಕ್ಷಣಕ್ಕಾಗಿ ದುಡಿದವರು. ಹೆಣ್ಣುಮಕ್ಕಳಿಗೆ ಹೆಚ್ಚಿನ ಓದು ಏಕೆಂದು ಕೇಳುವವರೇ ತುಂಬಿದ್ದ ಆ ಕಾಲದಲ್ಲಿ ಮೊಮ್ಮಗಳಿಗೆ ಇದು ದೊಡ್ಡ ಆಸರೆಯಾಯಿತು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿ ಎಂ.ಎಸ್‌ಸಿ. ಪದವಿ ಪಡೆದ ರಾಜೇಶ್ವರಿಯವರು 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು.

ಅದು ಎರಡನೆಯ ಮಹಾಯುದ್ಧದ ಕಾಲ. ರೇಡಾರಿನ ಅಗತ್ಯದಿಂದಾಗಿ ಮೈಕ್ರೋವೇವ್ ವಿದ್ಯೆ ಪಶ್ಚಿಮ ದೇಶಗಳಲ್ಲಿ ಭರದಿಂದ ಬೆಳೆಯುತ್ತಿತ್ತು. ಯುದ್ಧ ಮುಗಿದ ಬಳಿಕ ರಾಜೇಶ್ವರಿಯವರಿಗೆ ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ತರುಣಿಯೊಬ್ಬಳು ಒಂಟಿಯಾಗಿ ಕಡಲು ದಾಟುವುದು ತೀರ ಅಪರೂಪವಾಗಿದ್ದ ಆ ದಿನಗಳಲ್ಲಿ, 1947ರಲ್ಲಿ, ಅವರು ಹಡಗನ್ನೇರಿ ಅಮೆರಿಕಕ್ಕೆ ತೆರಳಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು. ವಾಷಿಂಗ್‌ಟನ್ನಿನಲ್ಲಿ ಎಂಟು ತಿಂಗಳು ಅಳತೆಯ ವಿಧಾನಗಳನ್ನು ಕಲಿತರು. ಕಾಗದದ ಮೇಲಿನ ಗಣಿತಕ್ಕೆ ಕೈಯ ಅನುಭವವೂ ಜೊತೆಗೂಡಿತು. ಡಾಕ್ಟರೇಟ್ ಪದವಿಯೊಂದಿಗೆ 1953ರಲ್ಲಿ ತಾಯ್ನಾಡಿಗೆ ಮರಳಿ, ತಮ್ಮ ಹಳೆಯ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು. ಅಲ್ಲಿಯ ಪ್ರಾಧ್ಯಾಪಕರಾದ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದರು. ದಂಪತಿಗಳು ಕೂಡಿ ಮೈಕ್ರೋವೇವ್ ಸಂಶೋಧನೆಗೆಂದು ಪ್ರಯೋಗಾಲಯವೊಂದನ್ನು ಕಟ್ಟಿದರು.

ರೇಡಾರಿನಲ್ಲಿ ಬಳಕೆಯಾಗುವ ಅನೇಕ ಮೈಕ್ರೋವೇವ್‌ಗಳ ತರಂಗದೂರ ಕೆಲವೇ ಸೆಂಟಿಮೀಟರು. ಬಯಲಿಗೆ ಬಿಟ್ಟರೆ ಅವು ಹರಡಿ ಹೋಗುತ್ತವೆ. ಲೋಹದ ತಂತಿಗೆ ಅವಾಹಕ ವಸ್ತುವಿನ ತೆಳುಪದರವನ್ನು ಹೊದಿಸಿದರೆ ಅಲೆಯ ವೇಗ ತುಸು ತಗ್ಗುತ್ತದೆ. ಆಗ ಅದರ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವೂ ತಂತಿಯನ್ನು ಅಪ್ಪಿಕೊಂಡು ಸಾಗುತ್ತವೆ. ತಂತಿಯಿಂದ ದೂರ ಸರಿದಂತೆ ಕ್ಷೀಣಿಸುತ್ತವೆ. ಇಂತಹ ಮೇಲ್ಮೈ ಅಲೆಗಳನ್ನೂ ಆಂಟೆನಾಗಳನ್ನೂ ಚಟರ್ಜಿ ದಂಪತಿಗಳು ಅಭ್ಯಸಿಸಿದರು. ಲೆಕ್ಕದಲ್ಲಿ ಕಂಡದ್ದನ್ನು ಅಳತೆಯಲ್ಲಿ ಒರೆಗೆ ಹಚ್ಚಿದರು. ಫೆರೈಟ್ ಎಂಬ ಕಾಂತವಸ್ತುಗಳೂ ಈ ವಿದ್ಯೆಗೆ ನೆರವಾಗಿವೆ. ಅವುಗಳೊಳಗಿನ ಕಾಂತತ್ವ ಬುಗುರಿಯಂತೆ ತೊನೆಯುತ್ತದೆ. ಇದನ್ನು ಬಳಸಿ, ಮುಂದೆ ಹೋದ ಅಲೆ ಹಿಂದಿರುಗದಂತೆ ತಡೆಯಬಹುದು. ಇಂತಹ ಆಂದೋಲನಗಳಿಂದಲೇ ತರಂಗದೂರಕ್ಕಿಂತ ಕಿರಿದಾದ ಎಡೆಯಲ್ಲಿಯೂ ಮೈಕ್ರೋವೇವ್‌ಗಳನ್ನು ಹಿಡಿತಕ್ಕೆ ತರಲು ವಿಜ್ಞಾನಿಗಳು ಇಂದು ಶ್ರಮಿಸುತ್ತಿದ್ದಾರೆ.

ರಾಜೇಶ್ವರಿಯವರು ಇಪ್ಪತ್ತು ಮಂದಿಯ ಡಾಕ್ಟರೇಟ್ ಸಂಶೋಧನೆಗೆ ಮಾರ್ಗದರ್ಶನ ಮಾಡಿದರು, ನೂರಕ್ಕೂ ಮಿಕ್ಕಿ ಪ್ರಬಂಧಗಳನ್ನೂ ಏಳು ಗ್ರಂಥಗಳನ್ನೂ ರಚಿಸಿದರು, ವಿಭಾಗದ ಮುಖ್ಯಸ್ಥೆಯಾದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳೆಯರ ಏಳಿಗೆಗಾಗಿ ದುಡಿದರು. 2010ರ ಸೆಪ್ಟೆಂಬರ್ 3ರಂದು ಅವರು ನಿಧನರಾದರು. ಮಗಳು ಇಂದಿರಾ ಕೂಡ ತಾಯಿಯ ಹಾದಿಯನ್ನೇ ಹಿಡಿದು, ಅಮೆರಿಕದ ನೆವಾಡ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. ಅಜ್ಜಿಯಿಂದ ಮೊಮ್ಮಗಳಿಗೆ, ಅವರಿಂದ ಮಗಳಿಗೆ ಹರಿದು ಬಂದ ಈ ವಿದ್ಯೆಯ ಆಸ್ತಿ, ಓದುವ ಹಂಬಲವುಳ್ಳ ನಮ್ಮ ಹೆಣ್ಣುಮಕ್ಕಳೆಲ್ಲರಿಗೂ ಸಲ್ಲತಕ್ಕದ್ದು.