ಎಷ್ಟು ಸಲ ರುಚಿ ನೋಡಿದರೆ ಸಾಕು? ಬಿಯರ್ ಕಾರ್ಖಾನೆಯ ‘ಸ್ಟೂಡೆಂಟ್’ ಕಥೆ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುವುದು ನಮಗೆಲ್ಲ ಗೊತ್ತಿರುವ ಮಾತು. ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಉರಿ ಇದ್ದಾಗ ಈ ಮಾತು ಸರಿಯೇ. ಆದರೆ ಅಕ್ಕಿ ನೂರು ಬೇರೆ ಬೇರೆ ಗದ್ದೆಗಳಿಂದ ಬಂದಿದ್ದರೆ? ಆಗ ಎಷ್ಟು ಅಗುಳು ಹಿಸುಕಬೇಕು? ನಾಲ್ಕೇ ಅಗುಳು ನೋಡಿ ಇಡೀ ಪಾತ್ರೆಯ ಬಗ್ಗೆ ಎಷ್ಟು ಧೈರ್ಯವಾಗಿ ಹೇಳಬಹುದು? ಈ ಪ್ರಶ್ನೆಗೆ ಲೆಕ್ಕದ ಉತ್ತರ ಸಿಕ್ಕಿದ್ದು ಡಬ್ಲಿನ್ ನಗರದ ಬಿಯರ್ ಕಾರ್ಖಾನೆಯೊಂದರಲ್ಲಿ. ಉತ್ತರ ಕಂಡುಕೊಂಡವರು ವಿಲಿಯಂ ಸೀಲಿ ಗಾಸೆಟ್. ಜಗತ್ತಿಗೆ ಅವರು ಪರಿಚಯವಾದದ್ದು ಮಾತ್ರ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ.

ರಸಾಯನಶಾಸ್ತ್ರ ಕಲಿತು ಬಿಯರ್ ತಯಾರಿಕೆಗೆ

ಗಾಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದ ಅವರು 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಕಂಪನಿಗೆ ಸೇರಿದರು. ಆ ಹೊತ್ತಿಗಾಗಲೇ ಅದು ಹಳೆಯ ಸಂಸ್ಥೆ. ಆರ್ಥರ್ ಗಿನ್ನೆಸ್ 1759ರಲ್ಲಿ ಸೇಂಟ್ ಜೇಮ್ಸ್ ಗೇಟ್‌ನ ಜಾಗವನ್ನು ವರ್ಷಕ್ಕೆ 45 ಪೌಂಡ್ ಬಾಡಿಗೆಗೆ, 9000 ವರ್ಷಗಳ ಗುತ್ತಿಗೆಗೆ ಪಡೆದಿದ್ದರು. 140 ವರ್ಷಗಳ ನಂತರ ಅದೇ ಜಾಗದಲ್ಲಿ ಜಗತ್ತಿನ ಅತಿದೊಡ್ಡ ಬಿಯರ್ ಕಾರ್ಖಾನೆಗಳಲ್ಲೊಂದು ನಡೆಯುತ್ತಿತ್ತು.

ದೊಡ್ಡದಾದಂತೆ ತೊಂದರೆಯೂ ದೊಡ್ಡದಾಯಿತು. ಚಿಕ್ಕ ಕಾರ್ಖಾನೆಯಲ್ಲಿ ಅನುಭವಿಯೊಬ್ಬರು ಹಾಪ್ಸ್ ಹೂವನ್ನು ಕೈಯಲ್ಲಿ ಉಜ್ಜಿ, ಮೂಸಿ, ಬಿಯರನ್ನು ಒಂದು ಗುಟುಕು ಕುಡಿದು ತೀರ್ಪು ಹೇಳಬಹುದು. ಆದರೆ ಗಿನ್ನೆಸ್‌ಗೆ ಬಾರ್ಲಿ ಬರುತ್ತಿದ್ದದ್ದು ಎಷ್ಟೋ ಹೊಲಗಳಿಂದ. ಮಳೆ, ಮಣ್ಣು, ತಳಿ ಎಲ್ಲವೂ ಬೇರೆ. ಆದರೂ ಗಿರಾಕಿಯ ಲೋಟದಲ್ಲಿ ಈ ವಾರದ ಬಿಯರೂ ಮುಂದಿನ ವಾರದ ಬಿಯರೂ ಒಂದೇ ರುಚಿ ಕೊಡಬೇಕು. ಅದಕ್ಕಾಗಿಯೇ ಕಂಪನಿ ವಿಶ್ವವಿದ್ಯಾಲಯಗಳಿಂದ ವಿಜ್ಞಾನ ಪದವೀಧರರನ್ನು ಕರೆತರುತ್ತಿತ್ತು.

ನಾಲ್ಕು ಮಾದರಿಗಳ ಕಷ್ಟ

ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮಾಲ್ಟ್‌ನಿಂದ ಎಷ್ಟು ಸಕ್ಕರೆಯಂಶ ಇಳಿಯುತ್ತದೆ ಎನ್ನುವುದರ ಮೇಲೆ ಬಿಯರಿನ ಕಡುಪು ನಿಲ್ಲುತ್ತದೆ. ಸಕ್ಕರೆ ಹೆಚ್ಚಾದರೆ ಮದ್ಯಸಾರ ಹೆಚ್ಚುತ್ತದೆ, ಅದರೊಂದಿಗೆ ತೆರಿಗೆಯೂ ಏರುತ್ತದೆ. ಕಡಿಮೆಯಾದರೆ ಗಿರಾಕಿಗೆ ಸಪ್ಪೆ ಎನಿಸುತ್ತದೆ. ಹಾಗಾಗಿ ಪ್ರಯೋಗಾಲಯದಲ್ಲಿ ಮಾಲ್ಟ್‌ನ ಮಾದರಿಗಳನ್ನು ಅಳೆಯುತ್ತಿದ್ದರು. ಪ್ರತಿ ಅಳತೆಗೂ ಸಮಯ ಮತ್ತು ಹಣ ಬೇಕು. ಸಾವಿರ ಮಾದರಿ ಅಳೆಯಲು ಆಗದು, ನಾಲ್ಕೋ ಐದೋ ಅಳೆಯಬಹುದು.

ಅಂದಿನ ಸಂಖ್ಯಾಶಾಸ್ತ್ರದ ಸೂತ್ರಗಳು ನೂರಾರು ಅಳತೆಗಳಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತಿದ್ದವು, ನಾಲ್ಕು ಅಳತೆಗಳಿದ್ದಾಗ ದಾರಿ ತಪ್ಪಿಸುತ್ತಿದ್ದವು. ಏಕೆ? ಅಳತೆಗಳು ಒಂದಕ್ಕೊಂದು ಎಷ್ಟು ಏರುಪೇರಾಗುತ್ತವೆ ಎನ್ನುವುದನ್ನೂ ನಾವು ಅದೇ ನಾಲ್ಕು ಅಳತೆಗಳಿಂದಲೇ ಅಂದಾಜಿಸಬೇಕು. ಆಕಸ್ಮಿಕವಾಗಿ ನಾಲ್ಕೂ ಹತ್ತಿರ ಹತ್ತಿರ ಬಂದರೆ ಎಲ್ಲವೂ ಖಚಿತವಾಗಿದೆ ಎಂಬ ಭ್ರಮೆ ಹುಟ್ಟುತ್ತದೆ.

ಇದನ್ನು ಬಿಡಿಸಲು ಕಂಪನಿ ಗಾಸೆಟ್ ಅವರನ್ನು 1906ರಲ್ಲಿ ಲಂಡನ್ನಿಗೆ, ಖ್ಯಾತ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರ ಪ್ರಯೋಗಾಲಯಕ್ಕೆ ಕಳಿಸಿತು. ಅಲ್ಲಿ ಅವರು ಸರಳವಾದ ಕೆಲಸವೊಂದನ್ನು ಮಾಡಿದರು. 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ಅಳತೆಗಳು ಮೊದಲೇ ಪ್ರಕಟವಾಗಿದ್ದವು. ಅವನ್ನು ಚೀಟಿಗಳ ಮೇಲೆ ಬರೆದು, ಇಸ್ಪೀಟು ಎಲೆಗಳಂತೆ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಪ್ರತಿ ಗುಂಪಿನ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ದೂರ ಹೋಗುತ್ತದೆ ಎಂದು ನೋಡಿ, ತಾವು ಕಂಡುಕೊಂಡಿದ್ದ ಸೂತ್ರದೊಂದಿಗೆ ಹೋಲಿಸಿದರು. ಎರಡೂ ಚೆನ್ನಾಗಿ ಹೊಂದಿದವು.

ಈ ಫಲಿತಾಂಶ 1908ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟವಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸುವುದಕ್ಕೆ ಗಿನ್ನೆಸ್ ಒಪ್ಪುತ್ತಿರಲಿಲ್ಲ. ವ್ಯಾಪಾರದ ಗುಟ್ಟು ಎದುರಾಳಿಗಳಿಗೆ ತಿಳಿಯಬಾರದಲ್ಲ! ಹಾಗಾಗಿ ಲೇಖಕರ ಹೆಸರಿನ ಜಾಗದಲ್ಲಿ ‘ಸ್ಟೂಡೆಂಟ್’ ಎಂದಷ್ಟೇ ಇತ್ತು. ಮುಂದೆ ರೊನಾಲ್ಡ್ ಫಿಶರ್ ಈ ಸೂತ್ರಕ್ಕೆ ಗಣಿತದ ಭದ್ರ ಸಾಧನೆ ಕೊಟ್ಟರು. ಫಿಶರ್ 1925ರಲ್ಲಿ ಬರೆದ ಪುಸ್ತಕದ ಮೂಲಕ ಅದು ಎಲ್ಲೆಡೆ ಹರಡಿತು. ಇಂದು ಕಾಲೇಜಿನಲ್ಲಿ ಕಲಿಯುವ ಟಿ-ಪರೀಕ್ಷೆ ಇದೇ.

ಇದರ ಸಾರ ಹೀಗಿದೆ. ನಿಜವಾದ ಬೆಲೆ ಯಾವ ಮಿತಿಯೊಳಗಿದೆ ಎಂದು 95% ಭರವಸೆಯಿಂದ ಹೇಳಬೇಕಾದರೆ, ನೂರಾರು ಅಳತೆಗಳಿದ್ದಾಗ ಅಂದಾಜು ದೋಷದ ಸುಮಾರು 1.96 ಪಟ್ಟು ಅಂತರ ಬಿಟ್ಟರೆ ಸಾಕು. 10 ಅಳತೆಗಳಿದ್ದರೆ 2.26 ಪಟ್ಟು ಬಿಡಬೇಕು. ನಾಲ್ಕೇ ಇದ್ದರೆ 3.18 ಪಟ್ಟು. ಅಂದರೆ, ಕಡಿಮೆ ನೋಡಿದವರು ಹೆಚ್ಚು ವಿನಯದಿಂದ ಮಾತಾಡಬೇಕು.

ನಾಲಿಗೆಗೂ ಇದೇ ನಿಯಮ

ಹಳೆಯ ಬ್ರೂವರಿಯ ಎರಡು ಬಿಯರ್‌ಗಳನ್ನು ಒಂದೊಂದು ಗುಟುಕು ಕುಡಿದು, ಈ ಸಲದ್ದು ಹೋದ ಸಲದಷ್ಟು ಚೆನ್ನಾಗಿಲ್ಲ ಎನ್ನುವವರನ್ನು ನಾವು ನೋಡಿರುತ್ತೇವೆ. ಕಾಫಿಯ ಬಗ್ಗೆಯೂ ಹೀಗೆ ಹೇಳುವವರಿದ್ದಾರೆ. ಬಾಟಲಿಯ ಚೀಟಿ, ಬಣ್ಣ, ಲೋಟದ ತಂಪು, ಮೊದಲು ಕುಡಿದದ್ದು ಯಾವುದು ಎನ್ನುವುದೆಲ್ಲ ನಾಲಿಗೆಯ ತೀರ್ಪನ್ನು ಬದಲಿಸುತ್ತವೆ. ಆದ್ದರಿಂದಲೇ ಇಂದು ಬಿಯರ್ ಉದ್ಯಮದಲ್ಲಿ ಮೂರು ಲೋಟಗಳ ಪರೀಕ್ಷೆ ಬಳಕೆಯಲ್ಲಿದೆ. ಎರಡು ಲೋಟಗಳಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದು. ಯಾವುದು ಬೇರೆ ಎಂದು ಗುರುತಿಸಬೇಕು. ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಉತ್ತರ ಸರಿಯಾಗುತ್ತದೆ. ಹಾಗಾಗಿ ಒಂದು ಸರಿಯುತ್ತರಕ್ಕೆ ಬೆಲೆಯಿಲ್ಲ. ಸತತ ನಾಲ್ಕು ಸಲ ಸರಿ ಹೇಳಿದರೆ ಅದು ಬರೀ ಊಹೆಯಿಂದ ಆಗುವ ಸಾಧ್ಯತೆ 81ರಲ್ಲಿ 1 ಮಾತ್ರ. ಆಗ ನಂಬಬಹುದು.

20,000 ಮಕ್ಕಳು ಮತ್ತು ಹಾಲು

ಹಾಗಾದರೆ ಮಾದರಿ ದೊಡ್ಡದಾದಷ್ಟೂ ಸತ್ಯ ಹತ್ತಿರವೇ? ಇಲ್ಲ ಎಂದು ತೋರಿಸಿದವರೂ ಗಾಸೆಟ್ ಅವರೇ. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್‌ನಲ್ಲಿ 20,000 ಶಾಲಾಮಕ್ಕಳ ಮೇಲೆ ಪ್ರಯೋಗವೊಂದು ನಡೆಯಿತು. 10,000 ಮಕ್ಕಳಿಗೆ ನಾಲ್ಕು ತಿಂಗಳು ದಿನವೂ ಮುಕ್ಕಾಲು ಪಿಂಟ್ (ಸುಮಾರು 425 ಮಿ.ಲೀ.) ಹಾಲು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಹಾಲು ಕುಡಿದವರು ಹೆಚ್ಚು ಬೆಳೆದರು ಎಂದು ವರದಿ ಹೇಳಿತು.

ಗಾಸೆಟ್ 1931ರಲ್ಲಿ ಈ ಪ್ರಯೋಗದ ದೋಷಗಳನ್ನು ಬಿಚ್ಚಿಟ್ಟರು. ಮಕ್ಕಳನ್ನು ಆರಿಸುವಾಗ ಗುಂಪುಗಳು ಸಮವಾಗಿಲ್ಲ ಎನಿಸಿದರೆ ಬದಲಿಸಲು ಶಿಕ್ಷಕರಿಗೆ ಅವಕಾಶವಿತ್ತು. ಸೊರಗಿದ ಮಗುವನ್ನು ಕಂಡರೆ ಯಾವ ಮೇಷ್ಟ್ರಿಗೆ ಹಾಲು ಕೊಡಬೇಕೆನಿಸದು? ಹಾಲಿಲ್ಲದ ಗುಂಪಿನ ಮಕ್ಕಳು ಆರಂಭದಲ್ಲೇ ಹೆಚ್ಚು ಎತ್ತರ, ಹೆಚ್ಚು ತೂಕ ಇದ್ದದ್ದು ಇದನ್ನೇ ಸೂಚಿಸುತ್ತಿತ್ತು. ಇದರ ಜೊತೆಗೆ ಮಕ್ಕಳನ್ನು ಬಟ್ಟೆಯೊಂದಿಗೇ ತೂಗಿದ್ದರು, ಮೊದಲು ಫೆಬ್ರವರಿಯ ಚಳಿಯಲ್ಲಿ, ಆಮೇಲೆ ಜೂನ್‌ನಲ್ಲಿ. ಉಳ್ಳವರ ಮಕ್ಕಳು ಬೇಸಿಗೆಗೆ ದಪ್ಪ ಬಟ್ಟೆ ಕಳಚಿದಾಗ ತೂಕ ಇಳಿದಂತೆ ಕಾಣುತ್ತದೆ. ಕಳಚಲು ಹೆಚ್ಚು ಬಟ್ಟೆಯೇ ಇಲ್ಲದ ಬಡಮಕ್ಕಳಿಗೆ ಹಾಗಾಗದು. ಇದರಿಂದ ಹಾಲಿಗೆ ಇಲ್ಲದ ಶ್ರೇಯಸ್ಸು ಸೇರಿರಬಹುದು. ಒಂದೇ ರೂಪದ 50 ಅವಳಿ ಜೋಡಿಗಳನ್ನು ಆರಿಸಿ, ಜೋಡಿಯಲ್ಲಿ ಒಬ್ಬರಿಗೆ ಒಂದು ಬಗೆಯ ಹಾಲು, ಇನ್ನೊಬ್ಬರಿಗೆ ಇನ್ನೊಂದು ಬಗೆಯ ಹಾಲು ಕೊಟ್ಟಿದ್ದರೆ ಆ ಹೋಲಿಕೆ 20,000 ಮಕ್ಕಳದ್ದಕ್ಕಿಂತ ನಂಬಲರ್ಹವಾಗುತ್ತಿತ್ತು ಎಂಬುದು ಅವರ ವಾದ. ಹಾಲು ಒಳ್ಳೆಯದಲ್ಲ ಎಂದು ಅವರು ಹೇಳಲಿಲ್ಲ. ಎಷ್ಟು ಒಳ್ಳೆಯದು ಎನ್ನಲು ಈ ಪ್ರಯೋಗ ಸಾಲದು ಎಂದರು.

ಸ್ಟೌಟ್ ಕುಡಿದರೆ ರಕ್ತ ಹೆಚ್ಚುತ್ತದೆಯೇ?

ಅದೇ ಕಾಲದಲ್ಲಿ, 1929ರಿಂದ, ಗಿನ್ನೆಸ್ ತನ್ನ ಬಿಯರ್ ಆರೋಗ್ಯಕ್ಕೆ ಒಳ್ಳೆಯದೆಂದು ಜಾಹೀರಾತು ಕೊಡುತ್ತಿತ್ತು. ಕಪ್ಪು ಬಿಯರಿನಲ್ಲಿ ಕಬ್ಬಿಣದಂಶ ತುಂಬಿದೆ ಎಂಬ ನಂಬಿಕೆ ಇಂದಿಗೂ ಇದೆ. ಒಂದು ಪಿಂಟ್‌ನಲ್ಲಿರುವುದು ಸುಮಾರು 0.3 ಮಿಲಿಗ್ರಾಂ ಮಾತ್ರ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 8ರಿಂದ 18 ಮಿಲಿಗ್ರಾಂ. ಕಪ್ಪು ಬಣ್ಣ ಬರುವುದು ಹುರಿದ ಬಾರ್ಲಿಯಿಂದ, ಕಬ್ಬಿಣದಿಂದಲ್ಲ. ಮದ್ಯಸಾರದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಹೆಸರಿಲ್ಲದೆ ಉಳಿದ ಹೆಸರು

ಗಾಸೆಟ್ ಕೊನೆಯವರೆಗೂ ಗಿನ್ನೆಸ್ ನೌಕರರೇ. ಐರ್ಲೆಂಡಿನಲ್ಲಿ ಬಾರ್ಲಿ ತಳಿಗಳ ಹೋಲಿಕೆಗೆ ವರ್ಷಗಟ್ಟಲೆ ದುಡಿದರು. ಒಂದೇ ಹೊಲದ ಫಸಲು ನೋಡದೆ ಬೇರೆ ಬೇರೆ ಕಡೆ ಬಿತ್ತಿ ನೋಡಬೇಕು ಎಂದು ಪಟ್ಟು ಹಿಡಿದರು. ಪರಸ್ಪರ ಜಗಳವಾಡುತ್ತಿದ್ದ ಪಿಯರ್ಸನ್ ಮತ್ತು ಫಿಶರ್ ಇಬ್ಬರಿಗೂ ಅವರು ಸ್ನೇಹಿತರಾಗಿದ್ದರು. 1935ರಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನ ಹೊಸ ಕಾರ್ಖಾನೆಗೆ ಹೋದರು. 1937ರ ಅಕ್ಟೋಬರ್ 16ರಂದು, 61ನೇ ವಯಸ್ಸಿನಲ್ಲಿ ತೀರಿಕೊಂಡರು.

ಹೊಸ ಔಷಧ, ಹೊಸ ಬಿತ್ತನೆ ಬೀಜ, ಹೊಸ ಗೊಬ್ಬರ ಯಾವುದೇ ಬರಲಿ, ಕೆಲವೇ ಅಳತೆಗಳಿಂದ ಎರಡನ್ನು ಹೋಲಿಸುವಾಗ ಇಂದಿಗೂ ಸ್ಟೂಡೆಂಟ್‌ನ ಸೂತ್ರವೇ ಆಸರೆ. ಮುಂದಿನ ಸಲ ನಾಲ್ಕು ಜನಕ್ಕೆ ಗುಣವಾಯಿತೆಂಬ ಮನೆಮದ್ದಿನ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಜನರ ಮೇಲೆ ನೋಡಿದರು? ಅವರನ್ನು ಆರಿಸಿದ್ದು ಹೇಗೆ?