ಪಾಳಿ ಕಲಿಸಿದ ಡೈಕ್‌ಸ್ಟ್ರಾ

ದುಬೈಯಲ್ಲಿ ನೀವು, ಅಬುಧಾಬಿಯಲ್ಲಿ ಗೆಳೆಯ ಒಂದೇ ನೆಟ್‌ವರ್ಕ್ ಫೈಲನ್ನು ಒಟ್ಟಿಗೆ ಸೇವ್ ಮಾಡಿದ್ರೆ ಒಬ್ಬರ ಬರಹ ಮಾಯವಾಗಬಹುದು. ಇದೇ ರೇಸ್ ಕಂಡೀಷನ್. ಇಂಥ ತೊಡಕಿಗೆ ದಾರಿ ತೋರಿಸಿದವರಲ್ಲಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಮೊದಲಿಗರು.

1930ರಲ್ಲಿ ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮಿನಲ್ಲಿ ಹುಟ್ಟಿದ ಅವರು ಓದಿದ್ದು ಭೌತಶಾಸ್ತ್ರ. 1957ರಲ್ಲಿ ಮದುವೆ ನೋಂದಣಿಗೆ ಹೋದಾಗ ವೃತ್ತಿ ಪ್ರೋಗ್ರಾಮರ್ ಅಂದ್ರೆ ಅಧಿಕಾರಿಗಳು ಒಪ್ಪಲೇ ಇಲ್ಲ. ಅಂಥ ಕೆಲಸವೇ ಇಲ್ಲವಂತೆ! ಕೊನೆಗೆ ಭೌತವಿಜ್ಞಾನಿ ಅಂತ ಬರೆಸಿದರು.

1965ರಲ್ಲಿ, ಹಂಚಿಕೊಂಡ ಮಾಹಿತಿಯನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟುವ ವಿಧಾನ ಪ್ರಕಟಿಸಿದರು. ಸೆಮಫೋರ್ ಕೂಡ ಅವರದ್ದೇ. ಈ ತಪ್ಪು ನೂರು ಸಲ ಟೆಸ್ಟ್ ಮಾಡಿದ್ರೂ ಅಡಗಿರಬಹುದು. ಅದಕ್ಕೇ ಪ್ರೋಗ್ರಾಮ್ ಸರಿಯೆಂದು ತರ್ಕದಿಂದ ಸಾಧಿಸಬೇಕೆಂದು ಹಟ ಹಿಡಿದರು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರಲ್ಲಿ ತೀರಿಕೊಂಡರು.

ಅಂದು ಕಚೇರಿ ಒಪ್ಪದ ಆ ವೃತ್ತಿಯನ್ನೇ ನಂಬಿ ಇಂದು ನಾವು ಕಡಲು ದಾಟಿ ಬಂದಿದ್ದೇವೆ.