ಉದ್ಯೋಗವನ್ನು ವಿಚಾರಿಸಿದ ವೈದ್ಯ: ರಮಾಝೀನಿ

ಇಟಲಿ ದೇಶದ ಕಾರ್ಪಿ ಎಂಬ ಊರಿನಲ್ಲಿ 1633ರಲ್ಲಿ ಬೆರ್ನಾರ್ದಿನೋ ರಮಾಝೀನಿಯು ಜನಿಸಿದನು. ಪಾರ್ಮಾ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಓದಿ 1659ರಲ್ಲಿ ಪದವೀಧರನಾದನು. ಕೆಲಕಾಲ ಹಳ್ಳಿಗಾಡಿನಲ್ಲಿ ವೈದ್ಯನಾಗಿದ್ದು, ಮಲೇರಿಯಾಕ್ಕೆ ತುತ್ತಾಗಿ ಊರಿಗೆ ಮರಳಿದನು. ಮುಂದೆ ಮೊದೆನಾ ನಗರಕ್ಕೆ ಹೋಗಿ ನೆಲಸಿ, 1682ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಇಷ್ಟೇ ಆಗಿದ್ದರೆ ಆತನ ಹೆಸರು ನಮ್ಮವರೆಗೆ ಬರುತ್ತಿರಲಿಲ್ಲ.

ಒಮ್ಮೆ ಆತನ ಮನೆಯ ಪಾಯಿಖಾನೆಯ ಗುಂಡಿಯನ್ನು ಬರಿದುಮಾಡಲು ಕೂಲಿಯವನೊಬ್ಬನು ಬಂದನು. ಮೈಮೇಲೆ ಎಚ್ಚರವಿಲ್ಲದವನಂತೆ ಆತುರಾತುರವಾಗಿ ದುಡಿಯುತ್ತಿದ್ದ ಅವನನ್ನು ಕಂಡು ರಮಾಝೀನಿಯು ಕಾರಣವನ್ನು ವಿಚಾರಿಸಿದನು. ಆ ಗುಂಡಿಯಲ್ಲಿ ನಾಲ್ಕು ತಾಸಿಗಿಂತ ಹೆಚ್ಚು ನಿಂತರೆ ಕಣ್ಣು ಹೋಗುತ್ತವೆಂದು ಕೂಲಿಯವನು ತಿಳಿಸಿದನು. ಅವನ ಕಣ್ಣು ನೋಡಿದರೆ ಆಗಲೇ ಕೆಂಪೇರಿ ಮಂಜಾಗಿದ್ದವು. ಪಂಡಿತನು ಪುಸ್ತಕಗಳಲ್ಲಿ ಕಾಣದುದನ್ನು ಈ ಬಡವನಿಂದ ಕಲಿತನು.

ಅಂದಿನಿಂದ ಆತನು ಕಮ್ಮಟಗಳನ್ನೂ ಓಣಿಗಳನ್ನೂ ಸುತ್ತತೊಡಗಿದನು. ಮಡಕೆಗೆ ಸೀಸದ ಮೆರುಗು ಕೊಡುವ ಕುಂಬಾರರ ಕೈ ನಡುಗುವುದನ್ನೂ, ಬಣ್ಣಗಾರರ ದೇಹ ಕೃಶವಾಗುವುದನ್ನೂ ಕಂಡನು. ಚಿನ್ನದ ಮುಲಾಮು ಹಾಕುವವರು ಪಾದರಸದ ಹೊಗೆಯನ್ನು ಕುಡಿದು ಮುಪ್ಪಿನವರೆಗೆ ಬದುಕುವುದು ವಿರಳವೆಂದು ಬರೆದನು. ವೆನಿಸ್ ನಗರದ ತಾಮ್ರಗಾರರು ಸುತ್ತಿಗೆಯ ಸಪ್ಪಳಕ್ಕೆ ಕಿವುಡಾಗುತ್ತಿದ್ದರಂತೆ. ನಮ್ಮ ಹುಬ್ಬಳ್ಳಿಯ ಕಂಚಗಾರ ಗಲ್ಲಿಯ ಹೆಸರು ಬಲ್ಲವರಿಗೆ ಆ ಸಪ್ಪಳವನ್ನು ವಿವರಿಸಬೇಕಾಗಿಲ್ಲ. 1700ರಲ್ಲಿ ಈ ಸಂಗತಿಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿ ಗ್ರಂಥವಾಗಿ ಹೊರಬಂದವು. ನಾಲ್ವತ್ತಕ್ಕೂ ಮಿಕ್ಕ ಕಸುಬುಗಳ ರೋಗಗಳು ಅದರಲ್ಲಿವೆ. ಬಡವನ ಮನೆಗೆ ಹೋದ ವೈದ್ಯನು ಮುಕ್ಕಾಲು ಪೀಠದ ಮೇಲೆಯೇ ಕುಳಿತು ಸಾವಕಾಶವಾಗಿ ವಿಚಾರಿಸಬೇಕು, ಹಿಪೊಕ್ರಾಟಿಸನು ಹೇಳಿದ ಪ್ರಶ್ನೆಗಳ ಜೊತೆಗೆ ರೋಗಿಯ ಉದ್ಯೋಗ ಯಾವುದೆಂಬುದನ್ನೂ ಕೇಳಬೇಕು ಎಂಬುದು ಆತನ ಮತ. ಆತನು ಹೇಳಿದ ಔಷಧಗಳು, ರಕ್ತ ತೆಗೆಸುವುದು ಮುಂತಾದವು, ಇಂದು ನಗೆ ತರಿಸುತ್ತವೆ. ಪ್ರಶ್ನೆ ಮಾತ್ರ ಹಳತಾಗಿಲ್ಲ.

ಆತನ ಕಾಲಕ್ಕೆ ಸ್ಟೆತಸ್ಕೋಪು ಇರಲಿಲ್ಲ, ರಕ್ತದೊತ್ತಡವನ್ನು ಅಳೆಯುವ ಯಂತ್ರವೂ ಇರಲಿಲ್ಲ. ಆದ್ದರಿಂದ ಲೋಹವು ಹೃದಯಕ್ಕೆ ಮಾಡುವ ಕೇಡು ಆತನಿಗೆ ಪೂರ್ತಿ ಕಾಣಲಿಲ್ಲ. ಉಸಿರಿನಿಂದಲೂ, ತೊಳೆಯದ ಕೈಯಿಂದ ತಿಂದ ರೊಟ್ಟಿಯಿಂದಲೂ ಸೀಸವು ಒಳಗೆ ಹೋಗುತ್ತದೆ. ಎಲುಬಿನಲ್ಲಿ ಹತ್ತಾರು ವರ್ಷ ಅಡಗಿರುತ್ತದೆ. ಮೂತ್ರಪಿಂಡಗಳನ್ನು ಕೆಡಿಸುತ್ತದೆ, ರಕ್ತನಾಳಗಳನ್ನು ಬಿರುಸುಗೊಳಿಸುತ್ತದೆ. ಒತ್ತಡವೇರಿ ಹೃದಯಕ್ಕೆ ದುಡಿತ ಹೆಚ್ಚುತ್ತದೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳು ಹೃದ್ರೋಗಕ್ಕೆ ಕಾರಣವಾಗುವವೆಂದು ಅಮೆರಿಕದ ಹೃದಯ ಸಂಘವು 2023ರಲ್ಲಿ ಹೇಳಿಕೆಯನ್ನೇ ಹೊರಡಿಸಿತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯದೆಯು ಸರಕಾರಕ್ಕೆ ತಿಳಿಸಬೇಕೆಂದು ವಿಧಿಸಿದ ರೋಗಗಳ ಪಟ್ಟಿಯಲ್ಲಿ ಸೀಸದ ವಿಷವೇ ಮೊದಲನೆಯದಾಗಿತ್ತು. ಆದರೆ ಆಸ್ಪತ್ರೆಯ ಚೀಟಿಯ ಮೇಲೆ ಅದು ಏರುವುದು ಹೇಗೆ? ನಮ್ಮ ತಂದೆಯವರು ಇಪ್ಪತ್ತು ವರ್ಷ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸಿದವರು. ರಕ್ತದೊತ್ತಡಕ್ಕಾಗಿ ತೋರಿಸಹೋದಾಗ ಉಪ್ಪು, ಬೀಡಿ, ಎಲೆಅಡಿಕೆಗಳ ವಿಚಾರಣೆಯಾಯಿತು. ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆದರು. ಕಸುಬನ್ನು ಯಾರೂ ಕೇಳಲಿಲ್ಲ. ಕೇಳದೆ ಹೇಳುವ ಧೈರ್ಯ ತಂದೆಯವರಿಗೂ ಇರಲಿಲ್ಲ.

ಗ್ರಂಥ ಪ್ರಕಟವಾದ ವರ್ಷವೇ ರಮಾಝೀನಿಯು ಪಾದುವಾ ವಿಶ್ವವಿದ್ಯಾಲಯಕ್ಕೆ ಆಹ್ವಾನಿತನಾದನು. ವಯಸ್ಸು ಅರುವತ್ತಾರು ದಾಟಿತ್ತು. ಎದೆ ಬಡಿತದ ಕಾಯಿಲೆ, ತಲೆಶೂಲೆ ಕಾಡುತ್ತಿದ್ದವು; ಕಣ್ಣು ಮಂದವಾಗುತ್ತ ಬಂದು ಕೊನೆಗೆ ಓದುಬರಹಕ್ಕೆ ಇತರರ ನೆರವು ಬೇಕಾಯಿತು. ಆದರೂ ಪಾಠ ಬಿಡಲಿಲ್ಲ. 1713ರಲ್ಲಿ ಇನ್ನಷ್ಟು ಕಸುಬುಗಳನ್ನು ಸೇರಿಸಿ ಗ್ರಂಥವನ್ನು ಮತ್ತೆ ಅಚ್ಚುಹಾಕಿಸಿದನು. 1714ರ ನವೆಂಬರ್ 5ರಂದು ಪಾಠ ಹೇಳಲು ಹೊರಡುವ ಸಿದ್ಧತೆಯಲ್ಲಿದ್ದಾಗಲೇ ಮೂರ್ಛೆ ಹೋಗಿ ತೀರಿಕೊಂಡನು.